ಕಣ್ಣುರಿಗೆ ಒಂದು ಕಥೆ, ನಿದ್ದೆಗೆ ಇನ್ನೊಂದು: ಸಂಜೆಯ ಸ್ಕ್ರೀನ್ ಮತ್ತು ನೀಲಿ ಬೆಳಕಿನ ಇತಿಹಾಸ

ಪುಣೆಯ ಹಿಂಜವಡಿ ಇರಲಿ, ಹೈದರಾಬಾದಿನ ಗಚ್ಚಿಬೌಲಿ ಇರಲಿ, ಚೆನ್ನೈನ ಓಎಂಆರ್ ಇರಲಿ, ಕನ್ನಡಕದ ಅಂಗಡಿಗೆ ಹೋಗಿ "ಐಟಿಯಲ್ಲಿ ಕೆಲಸ" ಅಂದ್ರೆ ಸಾಕು, ಮುಂದಿನ ಪ್ರಶ್ನೆ ಗ್ಯಾರಂಟಿ: "ಬ್ಲೂ ಕಟ್ ಹಾಕಿಬಿಡೋಣವಾ?" ಭಾಷೆ ಮಾತ್ರ ಊರಿಗೊಂದು. ಅದನ್ನು ಹಾಕಿಸಿಕೊಂಡರೆ ಕಣ್ಣು ಉರಿಯೋದಿಲ್ಲ, ರಾತ್ರಿ ನಿದ್ದೆಯೂ ಚೆನ್ನಾಗಿ ಬರುತ್ತೆ ಅನ್ನೋ ಭರವಸೆ ಜೊತೆಗೇ ಬರುತ್ತೆ.

ಒಂದೇ ಗಾಜು, ಎರಡು ಕಾಯಿಲೆಗೆ ಮದ್ದು. ಕೇಳಿದ ತಕ್ಷಣ ಇಂಜಿನಿಯರ್ ತಲೆಗೆ ಅನುಮಾನ ಬರಬೇಕು. ಎರಡು ಬೇರೆ ಬೇರೆ ಬಗ್‌ಗೆ ಒಂದೇ ಪ್ಯಾಚ್ ಅಂದ್ರೆ, ಒಂದೋ ಮೂಲ ಕಾರಣ ಒಂದೇ ಇರಬೇಕು, ಇಲ್ಲಾ ಯಾರೂ ಕಾರಣ ಹುಡುಕಿಲ್ಲ ಅಂತ ಅರ್ಥ. ಇಲ್ಲಿ ಕಾರಣ ಹುಡುಕಿದವರಿದ್ದಾರೆ. ಹುಡುಕುತ್ತಾ ಹುಡುಕುತ್ತಾ ಸುಮಾರು ಮುನ್ನೂರು ವರ್ಷ ಆಗಿದೆ. ಅವರ ಹಿಂದೆ ಹೋದರೆ ಸಿಗೋದು ಒಂದು ಕಥೆಯಲ್ಲ, ಎರಡು. ಕಣ್ಣು ದಣಿಯೋ ಕಥೆ ಬೇರೆ, ನಿದ್ದೆ ಕೆಡೋ ಕಥೆ ಬೇರೆ. ಇವತ್ತಿನ ಮಾತು ಅದರ ಬಗ್ಗೆ.

ಮೊದಲ ಕಥೆ: ಮಾನಿಟರ್ ಮುಂದೆ ನೇತು ಹಾಕಿದ ಗಾಜು

1970ರ ದಶಕದಲ್ಲಿ ಅಮೆರಿಕದ ಪತ್ರಿಕಾ ಕಚೇರಿಗಳಿಗೆ ಟೈಪ್‌ರೈಟರ್ ಜಾಗದಲ್ಲಿ ಕಂಪ್ಯೂಟರ್ ಟರ್ಮಿನಲ್‌ಗಳು ಬಂದವು. 1977ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಇಬ್ಬರು ಯುವ ಉದ್ಯೋಗಿಗಳಿಗೆ ಕಣ್ಣಿನ ಪೊರೆ ಕಾಣಿಸಿಕೊಂಡಿತು. ಇದಕ್ಕೆ ಟರ್ಮಿನಲ್‌ನಿಂದ ಬರುವ ವಿಕಿರಣವೇ ಕಾರಣ ಅನ್ನೋ ದೂರು ಎದ್ದಿತು. ಕಾರ್ಮಿಕರ ಸುರಕ್ಷತೆ ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಸಂಸ್ಥೆ ನಿಯೋಷ್ ಬಂದು ಅಳೆದು ನೋಡಿತು. ಹಾನಿ ಮಾಡುವ ಮಟ್ಟದ ವಿಕಿರಣ ಸಿಗಲಿಲ್ಲ. 1983ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಇಡೀ ವಿಷಯದ ಬಗ್ಗೆ ಒಂದು ದೊಡ್ಡ ವರದಿ ಹೊರತಂದಿತು. ಸ್ಕ್ರೀನ್ ನೋಡುವುದರಿಂದ ಕಣ್ಣಿಗೆ ಶಾಶ್ವತ ಹಾನಿಯಾಗುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ, ಜನ ಹೇಳುವ ಆಯಾಸಕ್ಕೆ ಕೆಲಸದ ರೀತಿ, ಬೆಳಕಿನ ವ್ಯವಸ್ಥೆ, ಕೂರುವ ಭಂಗಿ ಇವೇ ಕಾರಣ ಅನ್ನೋದು ಅದರ ಸಾರಾಂಶ.

ವರದಿಯೇನೋ ಬಂತು, ಭಯ ಹೋಗಲಿಲ್ಲ. ಭಯ ಇದ್ದ ಕಡೆ ವ್ಯಾಪಾರ ಇದ್ದೇ ಇರುತ್ತೆ. 1990ರ ದಶಕದಲ್ಲಿ ನಮ್ಮೂರುಗಳ ಕಂಪ್ಯೂಟರ್ ಕ್ಲಾಸಿಗೆ ಹೋದವರಿಗೆ ನೆನಪಿರಬಹುದು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ, ದಪ್ಪ ಮಾನಿಟರ್ ಮುಂದೆ ಕಪ್ಪು ಬಣ್ಣದ ಒಂದು ಗಾಜು ನೇತಾಡುತ್ತಿರುತ್ತಿತ್ತು. ಆಂಟಿಗ್ಲೇರ್ ಸ್ಕ್ರೀನ್. ಪ್ರತಿಫಲನವನ್ನು ಅದು ಸ್ವಲ್ಪ ಕಡಿಮೆ ಮಾಡುತ್ತಿತ್ತು, ನಿಜ. ಆದರೆ ಎಷ್ಟೋ ಜನ ಅದನ್ನು ಕೊಂಡದ್ದು "ರೇಡಿಯೇಶನ್ ತಡೆಯುತ್ತೆ" ಅಂತ.

ಹಾಗಾದ್ರೆ ಕಣ್ಣು ಉರಿಯೋದು ಯಾಕೆ? 1993ರಲ್ಲಿ ಜಪಾನಿನ ಇಬ್ಬರು ವೈದ್ಯರು, ತ್ಸುಬೋಟಾ ಮತ್ತು ನಾಕಾಮೋರಿ, ಒಂದು ಸರಳ ಕೆಲಸ ಮಾಡಿದರು: ಜನ ಎಷ್ಟು ಸಲ ಕಣ್ಣು ಮಿಟುಕಿಸುತ್ತಾರೆ ಅಂತ ಎಣಿಸಿದರು. ಸುಮ್ಮನೆ ಆರಾಮಾಗಿ ಕೂತಾಗ ನಿಮಿಷಕ್ಕೆ ಸರಾಸರಿ 22 ಸಲ. ಪುಸ್ತಕ ಓದುವಾಗ 10 ಸಲ. ಸ್ಕ್ರೀನ್ ನೋಡುವಾಗ 7 ಸಲ. ರೆಪ್ಪೆ ಮುಚ್ಚಿ ತೆಗೆದಾಗಲೆಲ್ಲ ಕಣ್ಣಿನ ಮೇಲೆ ಕಣ್ಣೀರಿನ ತೆಳು ಪದರ ಹರಡುತ್ತೆ. ಮಿಟುಕಿಸೋದು ಮೂರನೇ ಒಂದು ಭಾಗಕ್ಕೆ ಇಳಿದರೆ ಆ ಪದರ ಒಣಗುತ್ತೆ. ಕಣ್ಣು ಉರಿ, ಕೆಂಪು, ಮರಳು ಬಿದ್ದ ಹಾಗಿನ ಅನುಭವ. ಇದರ ಮೇಲೆ ಎಸಿ ಗಾಳಿ ನೇರ ಮುಖಕ್ಕೆ ಹೊಡೆದರೆ ಕೇಳೋದೇ ಬೇಡ.

ಎರಡನೇ ಕಾರಣ ಸ್ನಾಯು. ಹತ್ತಿರದ ವಸ್ತು ನೋಡಲು ಕಣ್ಣೊಳಗಿನ ಪುಟ್ಟ ಸ್ನಾಯು ಬಿಗಿಯಾಗಬೇಕು. ಎಂಟು ಗಂಟೆ ಮುಷ್ಟಿ ಬಿಗಿ ಹಿಡಿದು ಕೂತರೆ ಕೈ ನೋಯುವುದಿಲ್ಲವೇ, ಹಾಗೆ. ಇದರಲ್ಲಿ ನೀಲಿ ಬೆಳಕಿನ ಪಾತ್ರ ಎಲ್ಲಿದೆ? ಹುಡುಕಿದವರಿಗೆ ಸಿಕ್ಕಿಲ್ಲ. 2023ರ ಆಗಸ್ಟಿನಲ್ಲಿ ಕಾಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿತು. ಕಂಪ್ಯೂಟರ್ ಕೆಲಸದಿಂದ ಆಗುವ ಕಣ್ಣಿನ ಆಯಾಸಕ್ಕೆ ಬ್ಲೂ ಕಟ್ ಗಾಜು ಸಾಧಾರಣ ಗಾಜಿಗಿಂತ ಹೆಚ್ಚಿನ ಪ್ರಯೋಜನವನ್ನು, ಕಡೇಪಕ್ಷ ಅಲ್ಪಾವಧಿಯಲ್ಲಿ, ಕೊಡಲಿಕ್ಕಿಲ್ಲ ಅನ್ನೋದು ಅದರ ತೀರ್ಮಾನ. ನಿದ್ದೆಯ ವಿಷಯದಲ್ಲಿ ಸ್ಪಷ್ಟ ಉತ್ತರ ಸಿಗಲಿಲ್ಲ. ಮಾನಿಟರ್ ಮುಂದೆ ನೇತಾಡುತ್ತಿದ್ದ ಗಾಜು ಮೂವತ್ತು ವರ್ಷದಲ್ಲಿ ಮೂಗಿನ ಮೇಲೆ ಬಂದು ಕೂತಿದೆ, ಅಷ್ಟೇ.

ಎರಡನೇ ಕಥೆ: ಕತ್ತಲೆಯಲ್ಲಿಟ್ಟ ಗಿಡ, ಗುಹೆಗೆ ಹೋದ ಮನುಷ್ಯ

ನಿದ್ದೆಯ ಕಥೆ ಕಂಪ್ಯೂಟರಿಗಿಂತ ತುಂಬಾ ಹಳೆಯದು. ಅದು ನಮಗೆಲ್ಲ ಗೊತ್ತಿರುವಂಥ ಒಂದು ಗಿಡದಿಂದ ಶುರುವಾಗುತ್ತೆ. 1729ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ಡಿ ಮೆರಾನ್ ಮುಟ್ಟಿದರೆ ಮುನಿಯ ಜಾತಿಯ ಗಿಡವೊಂದನ್ನು ಕತ್ತಲೆಯಲ್ಲಿಟ್ಟು ಗಮನಿಸಿದ. ಅದು ಹಗಲು ಎಲೆ ಬಿಚ್ಚುತ್ತೆ, ರಾತ್ರಿ ಮಡಚುತ್ತೆ. ಸೂರ್ಯನೇ ಕಾಣದ ಕತ್ತಲೆಯಲ್ಲೂ ಅದು ತನ್ನ ಹೊತ್ತಿಗೆ ಬಿಚ್ಚಿ, ತನ್ನ ಹೊತ್ತಿಗೆ ಮಡಚಿತು. ಅಂದ್ರೆ ಗಡಿಯಾರ ಆಕಾಶದಲ್ಲಿ ಮಾತ್ರ ಇಲ್ಲ, ಗಿಡದ ಒಳಗೂ ಇದೆ.

ಮನುಷ್ಯನ ಒಳಗೂ ಇದೆಯಾ ಅಂತ ನೋಡೋಕೆ 1938ರಲ್ಲಿ ನಥಾನಿಯಲ್ ಕ್ಲೈಟ್‌ಮನ್ ಮತ್ತು ಅವನ ವಿದ್ಯಾರ್ಥಿ ಬ್ರೂಸ್ ರಿಚರ್ಡ್‌ಸನ್ ಅಮೆರಿಕದ ಕೆಂಟಕಿಯ ಮ್ಯಾಮತ್ ಗುಹೆಯೊಳಗೆ 32 ದಿನ ಇದ್ದರು. ಸೂರ್ಯನ ಬೆಳಕಿಲ್ಲ, ಸದಾ 12 ಡಿಗ್ರಿ ಚಳಿ. 24ರ ಬದಲು 28 ಗಂಟೆಯ "ದಿನ" ಇಟ್ಟುಕೊಂಡು ಬದುಕಲು ನೋಡಿದರು. ಹುಡುಗ ರಿಚರ್ಡ್‌ಸನ್ ಸುಮಾರಾಗಿ ಹೊಂದಿಕೊಂಡ. ನಲವತ್ತು ದಾಟಿದ್ದ ಕ್ಲೈಟ್‌ಮನ್ ಮೈ ಒಪ್ಪಲೇ ಇಲ್ಲ, ಅದು ತನ್ನ 24 ಗಂಟೆಯ ಲೆಕ್ಕವನ್ನೇ ಹಿಡಿದಿತ್ತು. 1960ರ ದಶಕದಲ್ಲಿ ಜರ್ಮನಿಯ ಆಂಡೆಕ್ಸ್‌ನಲ್ಲಿ ಯೂರ್ಗೆನ್ ಆಶೋಫ್ ನೆಲಮಾಳಿಗೆಯ ಬಂಕರ್ ಕಟ್ಟಿಸಿ, ಗಡಿಯಾರ ಇಲ್ಲದ ಕೋಣೆಗಳಲ್ಲಿ ಜನರನ್ನು ವಾರಗಟ್ಟಲೆ ಇರಿಸಿ ಗಮನಿಸಿದ.

ಈ ಕೆಲಸ ನಮ್ಮಲ್ಲೂ ನಡೆದಿದೆ. ಮದುರೈ ಕಾಮರಾಜ ವಿಶ್ವವಿದ್ಯಾಲಯದಲ್ಲಿ ಎಂ.ಕೆ. ಚಂದ್ರಶೇಖರನ್ ಗುಹೆಯ ಬಾವಲಿಗಳ ದಿನಚರಿ ಅಧ್ಯಯನ ಮಾಡಿದರು, ಹೊರಗಿನ ಹಗಲು ರಾತ್ರಿ ಗೊತ್ತಾಗದ ಕೋಣೆಯಲ್ಲಿ ಮನುಷ್ಯರ ಮೇಲೂ ಪ್ರಯೋಗ ನಡೆಸಿದರು. ಆಮೇಲೆ ಅವರು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು. ನಮ್ಮ ದೇಶದಲ್ಲಿ ಈ ಜೈವಿಕ ಗಡಿಯಾರದ ಶಾಸ್ತ್ರ ಬೆಳೆದದ್ದರಲ್ಲಿ ಅವರ ಪಾಲು ದೊಡ್ಡದು.

ಈ ಗಡಿಯಾರದಲ್ಲಿ ಒಂದು ವಿಶೇಷ ಇದೆ. 1999ರಲ್ಲಿ ಹಾರ್ವರ್ಡ್‌ನ ಚಾರ್ಲ್ಸ್ ಝೈಸ್ಲರ್ ತಂಡ ಅದನ್ನು ನಿಖರವಾಗಿ ಅಳೆದಾಗ ಸರಾಸರಿ 24 ಗಂಟೆ 11 ನಿಮಿಷ ಬಂತು. ಅಂದ್ರೆ ಹೆಚ್ಚಿನವರ ಗಡಿಯಾರ ದಿನಕ್ಕೆ ಒಂದಿಷ್ಟು ನಿಮಿಷ ಹಿಂದೆ ಬೀಳುತ್ತೆ. ಸರ್ವರ್‌ಗಳ ಗಡಿಯಾರ ಜಾರದಂತೆ ನಾವು ಎನ್‌ಟಿಪಿ ಸರ್ವರ್ ಜೊತೆ ಸಿಂಕ್ ಮಾಡ್ತೀವಲ್ಲ, ಹಾಗೆಯೇ ಮೈಯ ಗಡಿಯಾರಕ್ಕೂ ದಿನಾ ಸಿಂಕ್ ಬೇಕು. ಮುಖ್ಯವಾಗಿ ಆ ಸಿಂಕ್ ಮಾಡೋದು ಬೆಳಕು.

ಕಣ್ಣಿನೊಳಗೆ ಅಡಗಿದ್ದ ಇನ್ನೊಂದು ಕಣ್ಣು

ಬೆಳಕು ಸಿಂಕ್ ಮಾಡುತ್ತೆ, ಸರಿ. ಹೇಗೆ? 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಆರನ್ ಲರ್ನರ್ ದನದ ಮಿದುಳಿನ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಅನ್ನೋ ಹಾರ್ಮೋನನ್ನು ಬೇರ್ಪಡಿಸಿದ. ಕತ್ತಲಾದ ಮೇಲೆ ರಕ್ತದಲ್ಲಿ ಏರಿ, ಬೆಳಗಾಗುವ ಹೊತ್ತಿಗೆ ಇಳಿಯುವ ಹಾರ್ಮೋನ್ ಇದು. "ರಾತ್ರಿಯಾಯ್ತು" ಅಂತ ಮೈಗೆಲ್ಲ ಸುದ್ದಿ ಮುಟ್ಟಿಸೋದು ಇದೇ.

ಮನೆಯ ದೀಪಕ್ಕೆ ಮನುಷ್ಯನ ಮೆಲಟೋನಿನ್ ಜಗ್ಗಲ್ಲ ಅಂತಲೇ ಬಹಳ ಕಾಲ ನಂಬಿದ್ದರು. 1980ರಲ್ಲಿ ಆಲ್ಫ್ರೆಡ್ ಲೂಯಿ ಮತ್ತು ಸಂಗಡಿಗರು 2500 ಲಕ್ಸ್ ಪ್ರಖರ ಬೆಳಕಿನಿಂದ ಮನುಷ್ಯರಲ್ಲೂ ಅದು ಇಳಿಯುತ್ತೆ ಅಂತ ತೋರಿಸಿದರು. ಒಂದು ಮೇಣದ ಬತ್ತಿ ಒಂದು ಮೀಟರ್ ದೂರದಿಂದ ಕೊಡುವ ಬೆಳಕು ಸುಮಾರು 1 ಲಕ್ಸ್. ಆಫೀಸಿನಲ್ಲಿ 300ರಿಂದ 500 ಇರುತ್ತೆ, ಬಿಸಿಲಿನಲ್ಲಿ ಲಕ್ಷದ ಹತ್ತಿರ. 2000ನೇ ಇಸವಿಯಲ್ಲಿ ಇನ್ನೊಂದು ಪ್ರಯೋಗ ಹೊರಬಂತು: ರಾತ್ರಿಯ ಹೊತ್ತು 100 ಲಕ್ಸ್ ಆಸುಪಾಸಿನ ಬೆಳಕು ಬಹಳ ಹೊತ್ತು ಬಿದ್ದರೆ, ಪ್ರಖರ ಬೆಳಕಿನ ಅರ್ಧದಷ್ಟು ಪರಿಣಾಮ ಆಗಿಬಿಡುತ್ತೆ. 100 ಲಕ್ಸ್ ಅಂದ್ರೆ ನಮ್ಮ ಹಾಲಿನ ಟ್ಯೂಬ್‌ಲೈಟ್ ಲೆಕ್ಕ.

ಹಾಗಾದ್ರೆ ಕಣ್ಣಿನ ಯಾವ ಕೋಶ ಈ ಸುದ್ದಿ ಕಳಿಸುತ್ತೆ? ಪಠ್ಯಪುಸ್ತಕದಲ್ಲಿ ಇದ್ದದ್ದು ಎರಡೇ: ದಂಡಕೋಶ, ಶಂಕುಕೋಶ. ಆದರೆ ಸುಳಿವು 1920ರ ದಶಕದಲ್ಲೇ ಸಿಕ್ಕಿತ್ತು. ಹಾರ್ವರ್ಡ್‌ನಲ್ಲಿ ಕ್ಲೈಡ್ ಕೀಲರ್ ಅನ್ನೋ ವಿದ್ಯಾರ್ಥಿ ಹುಟ್ಟಾ ಕುರುಡು ಇಲಿಗಳನ್ನು ನೋಡುತ್ತಿದ್ದಾಗ, ಬೆಳಕು ಬಿದ್ದರೆ ಅವುಗಳ ಕಣ್ಣಿನ ಪಾಪೆ ಕಿರಿದಾಗೋದು ಕಂಡಿತು. ಕಾಣದ ಕಣ್ಣು ಬೆಳಕನ್ನು ಗುರುತಿಸುತ್ತಿತ್ತು! ಇದನ್ನು ಯಾರೂ ಹೆಚ್ಚು ತಲೆಗೆ ಹಚ್ಚಿಕೊಳ್ಳಲಿಲ್ಲ. 1991ರಲ್ಲಿ ರಸೆಲ್ ಫಾಸ್ಟರ್ ತಂಡ ಕುರುಡು ಇಲಿಗಳ ಜೈವಿಕ ಗಡಿಯಾರವೂ ಬೆಳಕಿಗೆ ಸರಿಯಾಗಿ ಸಿಂಕ್ ಆಗುತ್ತೆ ಅಂತ ತೋರಿಸಿದಾಗಲೂ ಬಹಳ ತಜ್ಞರು ನಂಬಲು ತಯಾರಿರಲಿಲ್ಲ. ನೂರಾರು ವರ್ಷ ಅಧ್ಯಯನ ಮಾಡಿದ ಕಣ್ಣಿನಲ್ಲಿ ಒಂದು ಜಾತಿ ಕೋಶವನ್ನೇ ನೋಡದೆ ಬಿಟ್ಟಿದ್ದೀವಾ ಅನ್ನೋದು ಅವರ ಪ್ರಶ್ನೆ. 1995ರಲ್ಲಿ ಝೈಸ್ಲರ್ ತಂಡ, ಏನೂ ಕಾಣದ ಕೆಲವು ಅಂಧರಲ್ಲೂ ಕಣ್ಣಿಗೆ ಬೆಳಕು ಬಿಟ್ಟಾಗ ಮೆಲಟೋನಿನ್ ಇಳಿಯುತ್ತೆ ಅಂತ ವರದಿ ಮಾಡಿತು.

ಉತ್ತರ ಬಂದದ್ದು ಕಪ್ಪೆಯ ಚರ್ಮದಿಂದ. 1998ರಲ್ಲಿ ಇಗ್ನಾಸಿಯೊ ಪ್ರೊವೆನ್ಸಿಯೊ ಬೆಳಕಿಗೆ ಸ್ಪಂದಿಸುವ ಒಂದು ಹೊಸ ಪ್ರೋಟೀನನ್ನು ಕಪ್ಪೆಯ ಚರ್ಮದ ಕೋಶಗಳಲ್ಲಿ ಕಂಡುಹಿಡಿದು ಮೆಲನಾಪ್ಸಿನ್ ಅಂತ ಹೆಸರಿಟ್ಟ. ಎರಡು ವರ್ಷದಲ್ಲಿ ಅದೇ ಪ್ರೋಟೀನ್ ಮನುಷ್ಯನ ರೆಟಿನಾದಲ್ಲೂ ಸಿಕ್ಕಿತು. 2002ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಡೇವಿಡ್ ಬರ್ಸನ್ ತಂಡ, ಜೀವಗಡಿಯಾರಕ್ಕೆ ನೇರ ತಂತಿ ಎಳೆದಿರುವ ರೆಟಿನಾದ ಕೆಲವು ಕೋಶಗಳು ತಾವೇ ಸ್ವತಃ ಬೆಳಕಿಗೆ ಸ್ಪಂದಿಸುತ್ತವೆ ಅಂತ ಸಾಬೀತು ಮಾಡಿತು. ಈ ಕೋಶಗಳಿಗೆ ಚಿತ್ರ ಬೇಕಿಲ್ಲ. ಈಗ ಹಗಲೋ ರಾತ್ರಿಯೋ, ಅಷ್ಟೇ ಅವುಗಳ ಲೆಕ್ಕ. ಇವು ಹೆಚ್ಚು ಸ್ಪಂದಿಸೋದು ನೀಲಿ ಬೆಳಕಿಗೆ. 2001ರಲ್ಲೇ ಎರಡು ತಂಡಗಳು ಬೇರೆ ಬೇರೆಯಾಗಿ ಮಾಡಿದ ಅಳತೆಯಲ್ಲಿ, ಮೆಲಟೋನಿನ್ ಇಳಿಸುವುದರಲ್ಲಿ 460 ನ್ಯಾನೋಮೀಟರ್ ಆಸುಪಾಸಿನ ನೀಲಿಯೇ ಮುಂದಿತ್ತು.

"ನೀಲಿ ಬೆಳಕು" ಅನ್ನೋ ಮಾತು ಬಂದದ್ದು ಇಲ್ಲಿಂದ. ಗಮನಿಸಿ, ಇದು ನಿದ್ದೆಯ ಕಥೆ. ಕಣ್ಣುರಿಯ ಕಥೆಗೆ ಇದು ಸೇರಿಕೊಂಡದ್ದು ಆಮೇಲೆ, ಅಂಗಡಿಯಲ್ಲಿ.

ಅದೇ ಹೊತ್ತಿಗೆ ದೀಪವೂ ಬದಲಾಯಿತು

ವಿಚಿತ್ರ ಅಂದ್ರೆ, ವಿಜ್ಞಾನಿಗಳು ನೀಲಿಯ ಗುಟ್ಟು ಬಿಡಿಸುತ್ತಿದ್ದ ವರ್ಷಗಳಲ್ಲೇ ಜಗತ್ತಿನ ದೀಪಗಳೆಲ್ಲ ನೀಲಿಯ ಕಡೆ ವಾಲುತ್ತಿದ್ದವು.

ನಮ್ಮ ನಾಡಿನಲ್ಲಿ ಕರೆಂಟಿನ ಕಥೆ ಬೇಗ ಶುರುವಾಯಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂತು. ಆದರೆ ಆ ಕಾಲದ ಬುರುಡೆ ಬಲ್ಬು ಕಾದ ತಂತಿಯ ಬೆಳಕು. ಸೀಮೆಎಣ್ಣೆ ಬುಡ್ಡಿ, ಲಾಟೀನಿನ ಹಾಗೆ ಅದರಲ್ಲೂ ಹಳದಿ ಕೆಂಪೇ ಜಾಸ್ತಿ, ನೀಲಿ ಕಡಿಮೆ. ಮುಸ್ಸಂಜೆಯ ಮೇಲೂ ಎಚ್ಚರ ಇರೋಕೆ ಅದು ದಾರಿ ಮಾಡಿಕೊಟ್ಟಿತು, ನಿಜ. ಆದರೆ ಬಣ್ಣದಲ್ಲಿ ಬೆಂಕಿಗೆ ಹತ್ತಿರವೇ ಇತ್ತು.

ದೊಡ್ಡ ಬದಲಾವಣೆ ತಂದದ್ದು ನೀಲಿ ಎಲ್‌ಇಡಿ. 1993ರಲ್ಲಿ ಜಪಾನಿನ ಶೂಜಿ ನಾಕಾಮುರಾ ಪ್ರಖರ ನೀಲಿ ಎಲ್‌ಇಡಿ ಮಾಡಿ ತೋರಿಸಿದ. ಇದಕ್ಕೆ ಅಡಿಪಾಯ ಹಾಕಿದ್ದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಅವರ ಜೊತೆ ಅವನಿಗೆ 2014ರ ಭೌತಶಾಸ್ತ್ರದ ನೊಬೆಲ್ ಸಿಕ್ಕಿತು. ನಾವು ಬಿಳಿ ಎಲ್‌ಇಡಿ ಅನ್ನೋದು ಸಾಮಾನ್ಯವಾಗಿ ನೀಲಿ ಎಲ್‌ಇಡಿಯೇ, ಮೇಲೆ ಹಳದಿ ಬೆಳಕು ಸೂಸುವ ರಾಸಾಯನಿಕದ ಲೇಪ ಇರುತ್ತೆ, ಎರಡೂ ಸೇರಿ ಬಿಳಿಯಾಗಿ ಕಾಣುತ್ತೆ. ಲ್ಯಾಪ್‌ಟಾಪ್, ಫೋನ್, ಟಿವಿ, ಮನೆಯ ಬಲ್ಬು, ಹೆಚ್ಚಿನವುಗಳ ಹಿಂದೆ ಇದೇ. 2015ರ ಜನವರಿಯಲ್ಲಿ ಶುರುವಾದ ಉಜಾಲಾ ಯೋಜನೆಯಲ್ಲೇ ದೇಶದಲ್ಲಿ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳು ಹಂಚಿಕೆಯಾದವು. ಕರೆಂಟ್ ಬಿಲ್ ಉಳಿಯಿತು, ಒಳ್ಳೆಯದೇ. ಆದರೆ ಬಲ್ಬು ಕೊಳ್ಳುವಾಗ ನಾವು ವಾಟ್ ನೋಡುತ್ತೇವೆ, ಬಣ್ಣ ನೋಡುವುದಿಲ್ಲ. "ಕೂಲ್ ಡೇಲೈಟ್, 6500 ಕೆಲ್ವಿನ್" ಅಂತ ಡಬ್ಬಿಯ ಮೇಲೆ ಬರೆದಿರುತ್ತೆ. ಡೇಲೈಟ್ ಅಂದ್ರೆ ಹಗಲು ಬೆಳಕು. ಅದನ್ನು ರಾತ್ರಿ ಹತ್ತಕ್ಕೆ ಬೆಡ್‌ರೂಮಿನ ಚಾವಣಿಯಲ್ಲಿ ಉರಿಸುತ್ತೇವೆ.

ಫೋನ್ ಎಷ್ಟು ತಪ್ಪಿತಸ್ಥ?

2009ರಲ್ಲಿ ಎಫ್.ಲಕ್ಸ್ ಅನ್ನೋ ಉಚಿತ ತಂತ್ರಾಂಶ ಬಂತು, ಸಂಜೆಯಾದರೆ ಸ್ಕ್ರೀನ್ ತಾನೇ ಹಳದಿಯಾಗುತ್ತಿತ್ತು. 2014ರ ಕೊನೆಯಲ್ಲಿ ಹಾರ್ವರ್ಡ್ ತಂಡದ ಒಂದು ಅಧ್ಯಯನ ಜಗತ್ತಿನ ತುಂಬ ಸುದ್ದಿಯಾಯಿತು. 12 ಜನ, ಐದು ರಾತ್ರಿ, ಮಲಗುವ ಮುನ್ನ ನಾಲ್ಕು ಗಂಟೆ ಪೂರ್ತಿ ಹೊಳಪಿನ ಐಪ್ಯಾಡ್‌ನಲ್ಲಿ ಓದು. ಕಾಗದದ ಪುಸ್ತಕಕ್ಕೆ ಹೋಲಿಸಿದರೆ ಗಡಿಯಾರ ಸುಮಾರು ಒಂದೂವರೆ ಗಂಟೆ ಹಿಂದೆ ಬಿತ್ತು. ಅದಾಗಿ ಒಂದು ವರ್ಷ ಚಿಲ್ಲರೆಯಲ್ಲಿ, 2016ರ ಮಾರ್ಚಿನಲ್ಲಿ, ಐಫೋನಿಗೆ ನೈಟ್ ಶಿಫ್ಟ್ ಬಂತು. ಆಮೇಲೆ ಎಲ್ಲ ಫೋನಿಗೂ.

ಆದರೆ ಅದೇ ಅಧ್ಯಯನದಲ್ಲಿ ನಿದ್ದೆ ಹತ್ತೋದು ತಡವಾದದ್ದು ಸುಮಾರು ಹತ್ತು ನಿಮಿಷ. ಅವರು ಸಂಜೆಯೆಲ್ಲ ಮಂದ ಬೆಳಕಿನ ಕೋಣೆಯಲ್ಲಿದ್ದರು ಅನ್ನೋದನ್ನೂ ಮರೆಯಬಾರದು. 2016ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ 14 ಜನರನ್ನು ಮೊದಲು ಆರೂವರೆ ಗಂಟೆ ಒಳ್ಳೆಯ ಬೆಳಕಿನಲ್ಲಿ ಕೂರಿಸಿ, ಆಮೇಲೆ ಎರಡು ಗಂಟೆ ಟ್ಯಾಬ್ಲೆಟ್‌ನಲ್ಲಿ ಓದಿಸಿದರು. ಮೆಲಟೋನಿನ್‌ನಲ್ಲಿ ಪುಸ್ತಕಕ್ಕೂ ಟ್ಯಾಬ್ಲೆಟ್‌ಗೂ ವ್ಯತ್ಯಾಸ ಕಾಣಲಿಲ್ಲ. ಹಗಲು ಹಗಲಿನಂತೆ ಇದ್ದರೆ, ರಾತ್ರಿಯ ಸಣ್ಣ ಬೆಳಕನ್ನು ಮೈ ತಡೆದುಕೊಳ್ಳುತ್ತೆ. 2021ರಲ್ಲಿ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ 167 ಯುವಜನರನ್ನು ಮೂರು ಗುಂಪು ಮಾಡಿತು: ನೈಟ್ ಶಿಫ್ಟ್ ಹಾಕಿದ ಫೋನ್, ಹಾಕದ ಫೋನ್, ಫೋನೇ ಇಲ್ಲ. ಒಟ್ಟಾರೆ ಮೂರೂ ಗುಂಪಿನ ನಿದ್ದೆಯಲ್ಲಿ ವ್ಯತ್ಯಾಸ ಸಿಗಲಿಲ್ಲ. ಸಾಕಷ್ಟು ನಿದ್ದೆ ಮಾಡುವ ಅಭ್ಯಾಸ ಇದ್ದವರಲ್ಲಿ ಮಾತ್ರ ಫೋನೇ ಮುಟ್ಟದವರದು ಸ್ವಲ್ಪ ಮೇಲು.

ಇದನ್ನೆಲ್ಲ ಕೂಡಿಸಿ ನೋಡಿದರೆ ನನಗೆ ಕಾಣೋದು ಇಷ್ಟು. ಬಣ್ಣಕ್ಕಿಂತ ಮೊದಲು ಬೆಳಕಿನ ಪ್ರಮಾಣ. ಫೋನಿಗಿಂತ ಮೊದಲು ಚಾವಣಿಯ ಬಲ್ಬು. ರಾತ್ರಿಗಿಂತ ಮೊದಲು ಹಗಲು. ಇವೆಲ್ಲದರ ಜೊತೆಗೆ, ಆ ಫೋನಿನಲ್ಲಿ ನಾವು ನೋಡ್ತಿರೋದು ಏನು ಅನ್ನೋದು. ರಾತ್ರಿ ಹನ್ನೊಂದಕ್ಕೆ ಪ್ರೊಡಕ್ಷನ್ ಅಲರ್ಟ್ ಬಂದರೆ ಅದು ಹಳದಿ ಬಣ್ಣದಲ್ಲಿದ್ದರೂ ನಿದ್ದೆ ಹಾರಿಹೋಗುತ್ತೆ.

ಹಾಗಾದ್ರೆ ಮಾಡೋದೇನು?

ಕಣ್ಣಿಗೆ: ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ಏನನ್ನಾದರೂ ಇಪ್ಪತ್ತು ಸೆಕೆಂಡ್ ನೋಡಿ, ಬೇಕಂತಲೇ ನಾಲ್ಕು ಸಲ ಪೂರ್ತಿ ಕಣ್ಣು ಮಿಟುಕಿಸಿ. ಮಾನಿಟರ್ ಒಂದು ತೋಳಿನ ದೂರದಲ್ಲಿ, ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಇರಲಿ. ಎಸಿ, ಫ್ಯಾನ್ ಗಾಳಿ ಮುಖಕ್ಕೆ ನೇರ ಬೇಡ. ನಂಬರ್ ಸರಿಯಿದೆಯಾ ಪರೀಕ್ಷೆ ಮಾಡಿಸಿ. ನಲವತ್ತರ ಹತ್ತಿರ ಬಂದವರಿಗೆ ಇದು ಇನ್ನೂ ಮುಖ್ಯ. ನಮ್ಮ ಕಡೆ ಹಿರಿಯರು ಕನ್ನಡಕಕ್ಕೆ ಚಾಳೀಸು ಅಂತಾರಲ್ಲ, ಪುಣೆಯವರಿಗೆ ಗೊತ್ತು, ಚಾಳೀಸ್ ಅಂದ್ರೆ ನಲವತ್ತು. ಆ ವಯಸ್ಸಿಗೆ ಹತ್ತಿರದ ನೋಟ ಕೈಕೊಡೋದು ಸಹಜ, ಅದಕ್ಕೆ ಸರಿಯಾದ ನಂಬರ್ ಬೇಕು. ಉರಿ, ನೋವು, ಮಂಜು ಹೋಗದೇ ಉಳಿದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ನಿದ್ದೆಗೆ: 2022ರಲ್ಲಿ ಈ ಕ್ಷೇತ್ರದ ತಜ್ಞರು ಕೂತು ಅಂಕಿ ಕೊಟ್ಟಿದ್ದಾರೆ. ಮೆಲನಾಪ್ಸಿನ್ ಕೋಶಗಳ ಲೆಕ್ಕದಲ್ಲಿ ಅಳೆದರೆ ಹಗಲು ಕಣ್ಣಿನ ಮಟ್ಟದಲ್ಲಿ ಕನಿಷ್ಠ 250 ಲಕ್ಸ್, ಮಲಗುವ ಮುಂಚಿನ ಮೂರು ಗಂಟೆ 10ಕ್ಕಿಂತ ಹೆಚ್ಚಿಲ್ಲ, ಮಲಗಿದಾಗ 1ಕ್ಕಿಂತ ಹೆಚ್ಚಿಲ್ಲ. ನಮ್ಮ ಭಾಷೆಯಲ್ಲಿ: ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಾಲ್ಕನಿಗೋ ಕೆಳಗೋ ಹೋಗಿ ಅರ್ಧ ಗಂಟೆ ಇರಿ. ರಾತ್ರಿ ಊಟ ಆದ ಮೇಲೆ ಚಾವಣಿಯ ಬಿಳಿ ದೀಪ ಆರಿಸಿ, ಮೂಲೆಯಲ್ಲೊಂದು 2700 ಕೆಲ್ವಿನ್ ಹಳದಿ ದೀಪ ಹಚ್ಚಿ. ಸ್ಕ್ರೀನಿನ ಹೊಳಪು ಕೆಳಗೆ ಇಳಿಸಿ, ಆಮೇಲೆ ಬೇಕಾದರೆ ಬಣ್ಣ.

ಇಷ್ಟು ಮಾಡಿದರೂ ಉಳಿಯೋದು ಒಂದಿದೆ, ನಮ್ಮ ಕೆಲಸದ ಹೊತ್ತು. ನವೆಂಬರಿನಲ್ಲಿ ಅಮೆರಿಕದವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಕೂಡಲೇ ನಮ್ಮ ರಾತ್ರಿ ಎಂಟೂವರೆಯ ಕಾಲ್ ಒಂಬತ್ತೂವರೆ ಆಗುತ್ತೆ. ಇಲ್ಲಿ ಯಾರ ಗಡಿಯಾರವೂ ತಿರುಗಿಲ್ಲ, ಮೈಯ ಗಡಿಯಾರವಂತೂ ಇಲ್ಲವೇ ಇಲ್ಲ. ರಾತ್ರಿ ಪಾಳಿಯ ಕೆಲಸವನ್ನು ಕ್ಯಾನ್ಸರ್ ತರುವ ಸಂಭವ ಇರುವ ಕಾರಣಗಳ ಪಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೇ ಸೇರಿಸಿತ್ತು, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲೇ ಉಳಿಸಿತು. ಒಂಬತ್ತೂವರೆಯ ಕಾಲ್ ರಾತ್ರಿ ಪಾಳಿ ಅಲ್ಲ, ಒಪ್ಪುತ್ತೇನೆ. ಆದರೆ ಅದು ಮುಗಿದು, ಮೇಲ್ ಬರೆದು, ಟಿಕೆಟ್ ಅಪ್‌ಡೇಟ್ ಮಾಡಿ ಎದ್ದಾಗ ಹನ್ನೊಂದೂವರೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತದ್ದೇ ಬಂತು.

ಬ್ಲೂ ಕಟ್ ಗಾಜು ಇಷ್ಟು ಸುಲಭವಾಗಿ ಬಿಕರಿಯಾಗೋದು ಯಾಕೆ ಅಂದ್ರೆ, ಅದನ್ನು ಒಬ್ಬರೇ ಹೋಗಿ ಕೊಂಡುಬಿಡಬಹುದು. ಕಾಲ್‌ನ ಹೊತ್ತು ಬದಲಿಸಬೇಕಾದರೆ ನಾಲ್ಕು ಜನರ ಜೊತೆ ಬಾಯಿಬಿಟ್ಟು ಮಾತಾಡಬೇಕು. ವಾರದಲ್ಲಿ ಎರಡು ದಿನ ಅವರ ಬೆಳಿಗ್ಗೆ ಬೇಗ, ಎರಡು ದಿನ ನಮ್ಮ ರಾತ್ರಿ ಅಂತ ಹಂಚಿಕೊಳ್ಳೋಣವಾ, ಬರೀ ಸ್ಟೇಟಸ್ ಹೇಳೋ ಕಾಲ್ ಆದ್ರೆ ಬರೆದು ಕಳಿಸಿದರೆ ಸಾಲದಾ, ತಡರಾತ್ರಿ ಕಾಲ್ ಇದ್ದ ಮರುದಿನ ತಡವಾಗಿ ಬರಬಹುದಾ? ಕೇಳಿದ ತಕ್ಷಣ ಎಲ್ಲ ಕಡೆಯೂ ಒಪ್ಪುತ್ತಾರೆ ಅಂತ ನಾನು ಹೇಳಲ್ಲ. ಆದರೆ ಮುಂದಿನ ನವೆಂಬರಿನಲ್ಲಿ ಕ್ಯಾಲೆಂಡರ್ ಇನ್ವೈಟ್ ಒಂದು ಗಂಟೆ ಜಾರುವ ಮುಂಚೆ, ಅಕ್ಟೋಬರಿನಲ್ಲೇ ಟೀಮಿನಲ್ಲಿ ಈ ಮಾತು ತೆಗೆಯಿರಿ. ಕನ್ನಡಕದ ಅಂಗಡಿಗೆ ಆಮೇಲೆ ಹೋಗೋಣ.

ಇವತ್ತಿಗೆ ಇಷ್ಟು. ಇದನ್ನು ರಾತ್ರಿ ಓದ್ತಾ ಇದ್ದರೆ ಹೊಳಪು ಇಳಿಸಿ, ಒಂದೆರಡು ಸಲ ಕಣ್ಣು ಮಿಟುಕಿಸಿ, ಮಲಗಿ.